ಕಿದಿರಾಲಿಯ ಯಜಮಾನರು

ಕಿದಿರಾಲಿ ಬೈಯುವ ದನಿ ಕೇಳಿದ ಮೇಲೆಯೇ ನಮ್ಮ ಕೋಕ್-ಸಾಯ್ ಊರಿನಲ್ಲಿ ಕೊಟ್ಟಿಗೆಯ ಬಾಗಿಲುಗಳು ತೆರೆಯುತ್ತಿದ್ದವು. ಬೂದು ಕುದುರೆಯ ಮೇಲೆ ಕೂತು, ಬೀದಿಯ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೂ ಒಂದೊಂದು ಮನೆಯ ಹಸುವನ್ನು ಹೆಸರು ಹಿಡಿದು ಕರೆಯುತ್ತ ಬರುತ್ತಿದ್ದ. ಹಸು ಹೊರಬರದಿದ್ದರೆ ಮನೆಯೊಡತಿಯನ್ನೇ ಕರೆಯುತ್ತಿದ್ದ.

"ಉಮ್ಸುನಾಯ್ ಅಕ್ಕಾ! ನಿನ್ನ ಹಸೂನೂ ನಿನ್ನಂಗೇ ಕನ್ನಡಿ ಮುಂದೆ ಕೂತೈತಾ?"

"ನಿನ್ನ ನಾಲಿಗೆಗೆ ಉಪ್ಪು ಹಾಕ! ಬಂತು ಇರೋ!" ಎಂದು ಆಕೆ ಒಳಗಿಂದಲೇ ಕೂಗುತ್ತಿದ್ದಳು.

ಊರಿನ ದನಗಳನ್ನೆಲ್ಲ ಬೆಟ್ಟಕ್ಕೆ ಹೊಡೆದುಕೊಂಡು ಹೋಗಿ ಸಂಜೆ ಮನೆಗೆ ಮುಟ್ಟಿಸುವುದು ಅವನ ಕೆಲಸ. ಅವನ ಸ್ವಂತದ್ದೆಂದು ಒಂದು ಕರುವೂ ಇರಲಿಲ್ಲ. ದಿನಕ್ಕೊಂದು ಮನೆಯಂತೆ ಸರದಿಯಲ್ಲಿ ಅವನ ಬುತ್ತಿ ಬರುತ್ತಿತ್ತು: ರೊಟ್ಟಿ, ಒಣಮೊಸರಿನ ಉಂಡೆ, ಬಾಟಲಿಯಲ್ಲಿ ಚಹಾ. ಚಳಿ ಶುರುವಾಗುವ ಮುಂಚೆ ಕೂಲಿ. ಕೆಲವರು ದುಡ್ಡು ಕೊಟ್ಟರೆ, ಕೆಲವರು ಹಿಟ್ಟೋ ಹುಲ್ಲೋ ಕೊಡುತ್ತಿದ್ದರು. ಅವನಪ್ಪನ ಕಾಲದಿಂದಲೂ ಬಾಯಿಮಾತಿನಲ್ಲೇ ನಡೆದುಕೊಂಡು ಬಂದ ಏರ್ಪಾಡು ಅದು.

ನಾನು ಸಾಬಿರ್. ಊರಿಂದ ಜಿಲ್ಲಾ ಕೇಂದ್ರಕ್ಕೆ ಬಾಡಿಗೆ ವ್ಯಾನು ಓಡಿಸುತ್ತೇನೆ. ಹೆರಿಗೆಗೆ, ಮದುವೆಗೆ, ಸಾವಿಗೆ ಎಲ್ಲರೂ ನನ್ನ ಗಾಡಿಯಲ್ಲೇ ಹೋಗಬೇಕು. ಹಾಗಾಗಿ ಈ ಕಥೆಯಲ್ಲಿ ನಾನು ನೋಡದೆ ಹೇಳುವುದು ಬಹಳ ಕಡಿಮೆ.

ಆ ವಸಂತದಲ್ಲಿ ಊರಿನ ಹಸುಗಳು ಒಂದರ ಹಿಂದೊಂದು, ದಿನ ತುಂಬುವ ಮೊದಲೇ, ಕಂದು ಹಾಕಿದವು. ಮಂಜು ಕರಗಿ ಹುಲ್ಲು ಕಣ್ಣುಬಿಡುವ ಹೊತ್ತಿಗೆ ತುಂಬಿದ ಹಸು ಬೆಟ್ಟದಲ್ಲೇ ಮಲಗಿಬಿಡುತ್ತಿತ್ತು. ಕಿದಿರಾಲಿ ಅಂಗಿಯ ತೋಳು ಮಡಚಿ, ಬರಿಗೈ ಹಾಕಿ, ಸತ್ತ ಕರುವನ್ನು ಎಳೆದು, ಹಸುವನ್ನಾದರೂ ಉಳಿಸಿಕೊಂಡು ಬರುತ್ತಿದ್ದ. ಉಮ್ಸುನಾಯಳ ಹಸುವಿಗೆ ಹಾಗಾದ ಸಂಜೆ ನಾನು ಅವಳ ಬಾಗಿಲಲ್ಲೇ ಹಿಟ್ಟಿನ ಚೀಲ ಇಳಿಸುತ್ತಿದ್ದೆ.

"ಅಕ್ಕಾ, ಹಾಲು ಕಾಯಿಸ್ದೆ ಕುಡೀಬೇಡಿ. ದನದ ಡಾಕ್ಟರಿಗೊಂದು ಮಾತು ಹೇಳು" ಎಂದ ಕಿದಿರಾಲಿ.

"ದನ ಕಾಯೋನು ನೀನು, ಡಾಕ್ಟರ್ ಯಾವಾಗಾದೆ? ಕಲ್ಲು ಮುಳ್ಳು ನೋಡ್ದೆ ಓಡಿಸಿ ಓಡಿಸಿ ನೀನೇ ಕಂದು ಹಾಕ್ಸಿದೀಯ. ಈಗ ನನ್ನ ಹಾಲಿನ ಮೇಲೆ ಕಣ್ಣಾ?"

ಕಿದಿರಾಲಿ ಕುದುರೆ ತಿರುಗಿಸಿಕೊಂಡು ಹೊರಟುಹೋದ. ಅದೇ ನನಗೆ ವಿಚಿತ್ರವೆನಿಸಿತು. ಉತ್ತರ ಕೊಡದೆ ಹೋದ ಆಸಾಮಿಯೇ ಅಲ್ಲ ಅವನು.

ಹುಲ್ಲು ಕೊಯ್ಯುವ ಕಾಲಕ್ಕೆ ಅವನು ಹಾಸಿಗೆ ಹಿಡಿದ. ಬೆಳಗ್ಗೆ ಚೆನ್ನಾಗಿರುತ್ತಿದ್ದ, ಸಂಜೆಗೆ ಜ್ವರವೇರಿ ಮೈಯೆಲ್ಲ ಬೆವತು ಹಾಸಿಗೆ ತೊಯ್ದುಹೋಗುತ್ತಿತ್ತು. ಸೊಂಟ, ಮೊಣಕಾಲು, ಮಣಿಕಟ್ಟು ಒಂದೊಂದಾಗಿ ಊದಿಕೊಂಡವು. ಒಂದು ದಿನ ಕುದುರೆ ಹತ್ತಲು ಹೋಗಿ ಕಾಲೆತ್ತಲಾಗದೆ ತಡಿ ಹಿಡಿದುಕೊಂಡು ನಿಂತುಬಿಟ್ಟ. ಹೆಂಡತಿ ಊಲ್ಕಾನ್ ಅವನನ್ನು ನನ್ನ ವ್ಯಾನಿನಲ್ಲಿ ಕೂರಿಸಿದಳು. ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ವೈದ್ಯರು, "ಕಂದುರೋಗ. ದನಗಳಿಂದ ಬಂದಿದೆ. ಈ ವರ್ಷ ಜಿಲ್ಲೆಯಲ್ಲೆಲ್ಲ ಇದೇ" ಎಂದರು. ಔಷಧಿಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ, ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ಸೊಂಟದ ಕೀಲು ಮಾತ್ರ ಮೊದಲಿನಂತಾಗುವುದು ಕಷ್ಟ.

"ಕೆಲಸದಿಂದ ಬಂದ ಕಾಯಿಲೆ ಇದು. ಕಾನೂನಿನ ಪ್ರಕಾರ ನಿಮಗೆ ತಿಂಗಳು ತಿಂಗಳು ಪರಿಹಾರ ಸಿಗಬೇಕು. ನಿಮ್ಮ ಯಜಮಾನರ ಹತ್ತಿರ ಒಂದು ಪತ್ರ ತನ್ನಿ" ಎಂದರು ವೈದ್ಯರು.

"ಯಾವ ಯಜಮಾನ್ರು ಸ್ವಾಮಿ? ಊರು ತುಂಬ ಅವ್ರೇ. ಒಬ್ರು ಬಲಕ್ಕೆ ಹೊಡಿ ಅಂತಾರೆ, ಇನ್ನೊಬ್ರು ಎಡಕ್ಕೆ ಹೊಡಿ ಅಂತಾರೆ."

ವೈದ್ಯರು ನಕ್ಕರು. ಕಿದಿರಾಲಿಯೂ ನಕ್ಕ. ಆದರೆ ಊರಿಗೆ ಬಂದು ಕೇಳಿದಾಗ ಒಬ್ಬ ಯಜಮಾನನೂ ಸಿಗಲಿಲ್ಲ.

ಅದಕ್ಕೆ ಕಾರಣವಿತ್ತು. ರೋಗ ಹರಡಿದ ಮೇಲೆ ಸರ್ಕಾರ ಆಜ್ಞೆ ಹೊರಡಿಸಿತ್ತು: ಪ್ರತಿಯೊಂದು ದನದ ರಕ್ತ ಪರೀಕ್ಷೆಯಾಗಬೇಕು, ರೋಗವಿದ್ದ ದನವನ್ನು ಒಯ್ದು ಕೊಲ್ಲಬೇಕು, ಒಡೆಯನಿಗೆ ಪರಿಹಾರ ಕೊಡಬೇಕು. ಆಜ್ಞೆಯ ಮೊದಲರ್ಧವನ್ನು ಜನ ನಂಬಿದರು, ಎರಡನೆಯ ಅರ್ಧವನ್ನು ನಂಬಲಿಲ್ಲ. ಹಿಂದೊಮ್ಮೆ ಪಕ್ಕದ ಕಣಿವೆಯಲ್ಲಿ ಹಸುಗಳನ್ನು ಒಯ್ದವರು ತಿರುಗಿಯೂ ನೋಡಿರಲಿಲ್ಲ. ಹಾಗಾಗಿ ದನದ ಡಾಕ್ಟರರ ಜೀಪು ಸೇತುವೆ ದಾಟುವಷ್ಟರಲ್ಲಿ ನಮ್ಮೂರ ಹಸುಗಳೆಲ್ಲ ಹಿಂದಿನ ಕಮರಿಗೆ ಮಾಯವಾಗುತ್ತಿದ್ದವು. ಇಂಥ ಹೊತ್ತಿನಲ್ಲಿ 'ಕಿದಿರಾಲಿ ನಮ್ಮ ದನ ಕಾಯೋನು' ಎಂದು ಬರೆದುಕೊಟ್ಟರೆ 'ನಮ್ಮ ದನಕ್ಕೆ ರೋಗವಿದೆ' ಎಂದು ಡಂಗುರ ಸಾರಿದ ಹಾಗೆ.

ಹುಲ್ಲುಗಾವಲು ಸಮಿತಿಯ ಅಧ್ಯಕ್ಷ ತುರ್ದುಬೆಕ್, "ಸಮಿತಿ ಹುಲ್ಲಿಗೆ ಯಜಮಾನ ಕಣಪ್ಪ, ದನಕ್ಕಲ್ಲ. ದನದೋರನ್ನ ಕೇಳು" ಎಂದ. ದನದವರು, "ನಮ್ದು ಒಂದೇ ಹಸು. ಒಂದು ಹಸೂಗೊಬ್ಬ ನೌಕರನನ್ನ ಇಟ್ಕೊಳೋಕೆ ನಾವೇನು ಖಾನರ ವಂಶದೋರಾ?" ಎಂದರು. ಉಮ್ಸುನಾಯ್ ಎಲ್ಲರಿಗಿಂತ ಜೋರಾಗಿ ಹೇಳಿದಳು:

"ಪ್ರೀತಿಗೆ ರೊಟ್ಟಿ ಕೊಡ್ತಿದ್ವಿ ಕಣೋ, ನೆಂಟ ಅಂತ. ಅದಕ್ಕೂ ಸಂಬಳ ಅಂತ ಹೆಸರಿಡ್ತೀಯಾ? ನಾಚ್ಕೆ ಆಗಲ್ವಾ?"

ಪರಿಹಾರದ ಕಚೇರಿಯಲ್ಲಿದ್ದ ಹುಡುಗಿ ಪಾಪ, ಒಳ್ಳೆಯ ಮಾತಿನಲ್ಲೇ ಹೇಳಿದಳು: ಯಜಮಾನನಿಲ್ಲದ ಕೆಲಸ ಕಾನೂನಿನ ಕಣ್ಣಿಗೆ ಕೆಲಸವೇ ಅಲ್ಲ. ವಾಪಸು ಬರುವಾಗ ಕಿದಿರಾಲಿ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದ.

"ಕೇಳಿದ್ಯಾ ಸಾಬಿರ್? ಅದು ಕೆಲಸ ಅಲ್ವಂತೆ. ಇಷ್ಟು ವರ್ಷ ನಾನು ಬೆಟ್ಟದಲ್ಲಿ ವಾಯುವಿಹಾರ ಮಾಡ್ತಿದ್ನಂತೆ."

ಹೇಳಿ ಗಟ್ಟಿಯಾಗಿ ನಕ್ಕ. ಆಮೇಲೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ. ಊರು ಬರುವವರೆಗೂ ತಿರುಗಿಸಿಕೊಂಡೇ ಇದ್ದ. ನಾನು ರೇಡಿಯೋ ಹಾಕಿದೆ. ಬೇರೇನು ಮಾಡಬೇಕೆಂದು ಹೊಳೆಯಲಿಲ್ಲ.

ಮಾರನೆಯ ಬೆಳಗ್ಗೆ ಬೂದು ಕುದುರೆಯ ಮೇಲೆ ಊಲ್ಕಾನ್ ಬಂದಳು. ಗಂಡನ ಕೋಟು, ಗಂಡನ ಬೂಟು. ಬೀದಿಯಲ್ಲಿ ನಿಂತಿದ್ದ ಗಂಡಸರು ಮೀಸೆಯಲ್ಲೇ ನಕ್ಕರು. "ಊಲ್ಕಾನ್, ಹಸು ಕಾಯ್ತೀಯೋ ಗೂಳಿ ಕಾಯ್ತೀಯೋ?" ಎಂದೊಬ್ಬ.

"ಗೂಳಿಗಳೆಲ್ಲ ಬೀದೀಲೇ ನಿಂತಾವಲ್ಲ, ಬೆಟ್ಟಕ್ಕೆ ಯಾರು ಹೊಡೀತಾರೆ ಅವನ್ನ?" ಎಂದು ಅವಳು ಕುದುರೆಯ ಪಕ್ಕೆಗೆ ಒದ್ದಳು. ಅವಳು ಬೈಯುತ್ತಿರಲಿಲ್ಲ, ಸಿಳ್ಳೆ ಹಾಕುತ್ತಿದ್ದಳು. ಹಸುಗಳು ವಾರದಲ್ಲೇ ಸಿಳ್ಳೆಗೆ ಒಗ್ಗಿಕೊಂಡವು.

ಸೇಬು ಹಣ್ಣಾಗುವ ಹೊತ್ತಿಗೆ ನಮ್ಮ ಶಾಲೆಯ ಮುಂದೊಂದು ಬಸ್ಸು ಬಂದು ನಿಂತಿತು. ಪುಕ್ಕಟೆ ಕಾನೂನು ಸಲಹೆ ಕೊಡುವ ಬಸ್ಸು. ಅದರಲ್ಲಿದ್ದ ವಕೀಲೆ ಎಲ್ಜಾದಾ, ಕುಳ್ಳಗಿನ ಹೆಂಗಸು, ಒಡಕು ದನಿ, ಮಾತಾಡುವಾಗಲೂ ಸೂರ್ಯಕಾಂತಿ ಬೀಜ ಬಿಡಿಸುತ್ತಿರುತ್ತಿದ್ದಳು. ಜನ ಬೇಲಿ ಜಗಳ, ಆಸ್ತಿ ಜಗಳ ಹಿಡಿದುಕೊಂಡು ಸಾಲು ನಿಂತರು. ಊಲ್ಕಾನ್ ಕುದುರೆಯಿಂದ ಇಳಿಯದೆ ಕಿಟಕಿಯಲ್ಲೇ ತಲೆ ತೂರಿಸಿ ತನ್ನ ಗಂಡನ ಕಥೆ ಹೇಳಿದಳು. ಎಲ್ಜಾದಾ ಬೀಜ ಬಿಡಿಸುವುದನ್ನು ನಿಲ್ಲಿಸಿದಳು.

"ಪತ್ರ ಇಲ್ಲದಿದ್ರೂ ಪರವಾಗಿಲ್ಲ. ಒಬ್ಬನ ಕೈಲಿ ಗೊತ್ತಿದ್ದೂ ಕೆಲಸ ಮಾಡಿಸ್ಕೊಂಡು, ಅದರ ಲಾಭ ಪಡೆದವನು ಯಜಮಾನನೇ ಅಂತ ಕಾನೂನಿದೆ. ನಿಮ್ಮ ಸಮಿತಿ ದನಕ್ಕಿಷ್ಟು ಅಂತ ಹುಲ್ಲಿನ ಕಂದಾಯ ತಗೊಳುತ್ತಾ? ಯಾವ ತಿಂಗಳು ಯಾವ ಬೆಟ್ಟ ಅಂತ ಹೇಳೋದು ಅವರೇ ತಾನೇ? ಹಾಗಾದ್ರೆ ಕೋರ್ಟಿಗೆ ಹೋಗೋಣ. ಆದ್ರೆ ನಿಮ್ಮ ಗಂಡ ಊರ ದನ ಕಾಯ್ತಿದ್ರು ಅಂತ ನಾಲ್ಕು ಜನ ಬಂದು ಹೇಳ್ಬೇಕು."

ಹೋಗುವುದಿಲ್ಲವೆಂದು ಹಟ ಹಿಡಿದವನು ಕಿದಿರಾಲಿಯೇ. ಎಲ್ಜಾದಾ ನನ್ನನ್ನು ಕರೆದುಕೊಂಡು ಅವನ ಮನೆಗೇ ಹೋಗಿ, ಹಾಸಿಗೆಯ ಪಕ್ಕ ಕೂತು ಒಪ್ಪಿಸಲು ನೋಡಿದಳು.

"ಈ ಊರಲ್ಲಿ ನಾನು ರೊಟ್ಟಿ ತಿನ್ನದ ಮನೆ ಇಲ್ಲ ತಾಯಿ. ಕೋರ್ಟಿಗೆ ಎಳೆದ್ರೆ ಅವರು ಹೆದರಿಕೊಂಡು ಇಲ್ಲ ಅಂತಾರೆ. ಆಣೆ ಮಾಡಿ ಸುಳ್ಳು ಹೇಳ್ತಾರೆ. ಅವರ ಉಪ್ಪು ತಿಂದು, ಆ ಪಾಪಕ್ಕೆ ಅವರನ್ನ ನಾನೇ ತಳ್ಳಲಾ?"

"ನಿಮಗೆ ಅನ್ಯಾಯ ಮಾಡಿದೋರ ಪಾಪದ ಚಿಂತೆ ನಿಮಗೆ!" ಎಂದು ಎಲ್ಜಾದಾ ಎದ್ದು ನಿಂತಳು. "ಚಳಿಗಾಲದವರೆಗೂ ಈ ಕಡೆ ಬರ್ತಿರ್ತೀನಿ. ಮನಸ್ಸು ಬದಲಾದ್ರೆ ಈ ವ್ಯಾನಿನೋರ ಕೈಲಿ ಹೇಳಿ ಕಳಿಸಿ."

ಊಲ್ಕಾನ್ ಅಂದು ಚಹಾದ ಬಟ್ಟಲನ್ನು ಗಂಡನ ಮುಂದೆ ಕುಕ್ಕಿ, ಕುದುರೆಗೆ ಹುಲ್ಲು ಹಾಕಲು ಹೊರಗೆ ಹೋದಳು.

ಅದಾಗಿ ಕೆಲವೇ ದಿನಕ್ಕೆ ಉಮ್ಸುನಾಯಳ ಸೊಸೆ ಐಸಾಲ್ಕಿನ್‌ಗೆ ಹೊಟ್ಟೆನೋವು ಬಂತು. ಮದುವೆಯಾಗಿ ಬಹಳ ಕಾಲಕ್ಕೆ ನಿಂತ ಬಸಿರು. ಹೊಟ್ಟೆ ಆಗಷ್ಟೇ ಕಾಣತೊಡಗಿತ್ತು. ನಾನು ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದೆ. ಆದರೂ ಮಗು ಉಳಿಯಲಿಲ್ಲ. ಸೊಸೆಗೂ ಜ್ವರವಿತ್ತು, ಬೇಸಿಗೆಯಿಂದ ಬಂದು ಬಂದು ಹೋಗುತ್ತಿದ್ದ ಜ್ವರ. ಆಸ್ಪತ್ರೆಯವರು ರಕ್ತ ನೋಡಿ ಒಂದೇ ಪ್ರಶ್ನೆ ಕೇಳಿದರಂತೆ: ಮನೆಯಲ್ಲಿ ಹಸಿಹಾಲು ಕುಡಿಯುತ್ತೀರಾ?

ಸೊಸೆಯನ್ನು ಅಲ್ಲೇ ಬಿಟ್ಟು ಉಮ್ಸುನಾಯ್ ಒಬ್ಬಳೇ ವಾಪಸು ಹೊರಟಳು. ಊರು ಹೊಕ್ಕ ಮೇಲೆ, "ಕಿದಿರಾಲಿ ಮನೆ ಮುಂದೆ ನಿಲ್ಸು" ಎಂದಳು. ನಾನು ಅವಳ ತೋಳು ಹಿಡಿದು ಇಳಿಸಿ ಒಳಗೆ ಕರೆದೊಯ್ದೆ.

ಕಿದಿರಾಲಿ ದಿಂಬಿಗೊರಗಿ ಕೂತಿದ್ದ. ಅವಳು ಹೊಸಿಲ ಹತ್ತಿರವೇ ಕುಸಿದು ಕೂತಳು.

"ನನ್ನ ಸೊಸೆ ಮಗು ಹೋಯ್ತು ಕಣೋ. ಕರುಗಳು ಹೋದಂಗೇ ಹೋಯ್ತು. ನಾನೇ ಕೈಯಾರೆ ಕುಡಿಸ್ದೆ. ಬಿಸಿ ಬಿಸಿ ನೊರೆ ಹಾಲು, ಶಕ್ತಿ ಬರ್ಲಿ ಅಂತ. ನೀನು ಹೇಳಿದ್ದೆ. ಬಾಗಿಲಿಗೆ ಬಂದು ಹೇಳಿದ್ದೆ."

ಕಿದಿರಾಲಿ ಎದ್ದು ಅವಳ ಹತ್ತಿರ ಹೋಗಲು ನೋಡಿದ, ಸೊಂಟ ಬಿಡಲಿಲ್ಲ. ಕೂತಲ್ಲಿಂದಲೇ ಸ್ವಲ್ಪ ಸ್ವಲ್ಪ ಸರಿದು ಬಂದು, ಊದಿದ ಕೈಯನ್ನು ಅವಳ ತಲೆವಸ್ತ್ರದ ಮೇಲಿಟ್ಟ.

"ನಾನು ಹೇಳಿದ್ದನ್ನ ನನ್ನ ಹೆಂಡ್ತಿನೇ ಕೇಳಲ್ಲ ಅಕ್ಕಾ. ಐಸಾಲ್ಕಿನ್ ಹೆಂಗವಳೆ?"

"ಔಷಧಿ ಕೊಟ್ರೆ ವಾಸಿ ಆಗುತ್ತಂತೆ. ಮುಂದೆ ಮಕ್ಕಳಾಗ್ತವಂತೆ."

"ಮತ್ತೆ? ನಾನು ನುಂಗೋ ಮಾತ್ರೇನೇ ಅದು. ವಾಂತಿ ಬಂದಂಗಾಗ್ತದೆ, ರೊಟ್ಟಿ ಜೊತೆ ನುಂಗೋಕೆ ಹೇಳು. ನಡುವೆ ಬಿಡಬಾರ್ದು ಅಂತ ಹೇಳು."

ಒಲೆಯ ಹತ್ತಿರ ನಿಂತಿದ್ದ ಊಲ್ಕಾನ್ ಕಣ್ಣೊರೆಸಿಕೊಂಡು ಚಹಾ ಬಗ್ಗಿಸಿದಳು. ಉಮ್ಸುನಾಯ್ ಬಟ್ಟಲು ಕೈಗೆ ತೆಗೆದುಕೊಂಡಳು, ಕುಡಿಯಲಿಲ್ಲ.

"ಆ ವಕೀಲಮ್ಮನಿಗೆ ಹೇಳಿ ಕಳ್ಸು ಸಾಬಿರ್. ಯಾರೂ ಬರದಿದ್ರೂ ನಾನು ಬಂದು ಹೇಳ್ತೀನಿ."

"ನಿನ್ನ ಹಸೂನ ಒಯ್ತಾರೆ ಅಕ್ಕಾ" ಎಂದ ಕಿದಿರಾಲಿ.

"ಒಯ್ಲಿ. ಇಟ್ಕೊಂಡು ಇನ್ಯಾರಿಗೆ ಕುಡಿಸ್ಲಿ?"

ಉಮ್ಸುನಾಯಳ ಬಾಯಿ ಎಂಥದ್ದೆಂದು ಆಗಲೇ ಹೇಳಿದ್ದೇನೆ. ಸುಳ್ಳಿಗೆ ದುಡಿದಷ್ಟೇ ಶ್ರದ್ಧೆಯಿಂದ ಅದು ಈಗ ನಿಜಕ್ಕೆ ದುಡಿಯಿತು. ನಲ್ಲಿಯ ಹತ್ತಿರ, ಅಂಗಡಿಯಲ್ಲಿ, ತಿಥಿ ಊಟದಲ್ಲಿ, ಸಿಕ್ಕಿದವರನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದಳು. "ನಿನ್ನ ಮಗನ ಮೊಣಕಾಲು ಯಾಕೆ ಊದೈತೆ ಹೇಳು. ನಿನ್ನ ಗಂಡ ಸಂಜೆ ಹೊತ್ತು ಯಾಕೆ ನಡುಗ್ತಾನೆ ಹೇಳು." ಜನ ಮೊದಮೊದಲು ಅವಳನ್ನು ಕಂಡರೆ ದಾರಿ ಬದಲಿಸಿದರು. ಆಮೇಲೆ ಒಬ್ಬೊಬ್ಬರಾಗಿ ನನ್ನ ವ್ಯಾನಿನಲ್ಲಿ ರಕ್ತ ಪರೀಕ್ಷೆಗೆ ಹೊರಟರು. ಕಿದಿರಾಲಿಯೂ ಒಪ್ಪಿದ, ಆಣೆ ಮಾಡಿ ನಿಜ ಹೇಳುವವರು ಇದ್ದಾರೆಂದ ಮೇಲೆ ಅವನ ಹಟಕ್ಕೆ ನೆಲೆ ಉಳಿಯಲಿಲ್ಲ.

ಕೋರ್ಟಿನ ದಿನ ಹಿಮ ಬಿದ್ದಿತ್ತು. ನಾಲ್ಕು ಜನ ಸಾಕೆಂದಿದ್ದಳು ವಕೀಲೆ. ನನ್ನ ವ್ಯಾನು ತುಂಬಿ, ಹಿಂದೊಂದು ಲಾರಿಯೂ ತುಂಬಿತು. ಜಿಲ್ಲಾ ನ್ಯಾಯಾಲಯದ ಆ ಸಣ್ಣ ಕೋಣೆಯಲ್ಲಿ ಹೀಟರು ಕೆಟ್ಟಿತ್ತು. ನೆಗಡಿ ಹಿಡಿದ ದಪ್ಪನೆಯ ನ್ಯಾಯಾಧೀಶರು ಓವರ್‌ಕೋಟು ಬಿಚ್ಚದೆ ಕೂತಿದ್ದರು. ಪರಿಹಾರದ ಕಚೇರಿಯ ಪರವಾಗಿ ಬಂದವರು ಯಜಮಾನರೇ ಇಲ್ಲವೆಂದರು. ತುರ್ದುಬೆಕ್ ಎದ್ದು ನಿಂತು, ಸಮಿತಿ ಹುಲ್ಲಿಗೆ ಮಾತ್ರ ಯಜಮಾನ ಎಂಬ ತನ್ನ ಹಳೆಯ ಮಾತನ್ನೇ ಒಪ್ಪಿಸಿದ.

"ಹಾಗಾದರೆ ಈ ಮನುಷ್ಯನನ್ನ ಕೆಲಸಕ್ಕಿಟ್ಟುಕೊಂಡವರು ಯಾರು?" ಎಂದು ನ್ಯಾಯಾಧೀಶರು ಮೂಗೊರೆಸಿಕೊಂಡರು.

"ನಾನು" ಎಂದು ಉಮ್ಸುನಾಯ್ ಎದ್ದಳು.

"ನೀವು ಸಂಬಳ ಕೊಡ್ತಿದ್ರಾ?"

"ಕೊಡ್ತಿದ್ದೆ. ರೊಟ್ಟಿ, ಹಿಟ್ಟು, ಕೈಲಿದ್ದಾಗ ದುಡ್ಡು. ಬೈತಿದ್ದೆ ಕೂಡ. ಕೆಲಸದೋನಲ್ದೆ ಇನ್ಯಾರನ್ನ ಸ್ವಾಮಿ ದಿನಾ ಬೈಯೋಕಾಗ್ತದೆ? ಸ್ವಂತ ಗಂಡನೇ ಆಗಿದ್ರೆ ಬಿಟ್ಟು ಓಡೋಗಿರೋನು."

ಕೋಣೆಯಲ್ಲಿ ನಗು ಎದ್ದಿತು. ನ್ಯಾಯಾಧೀಶರು ಮೇಜು ತಟ್ಟಿದರು. ತಟ್ಟಿದ ಸದ್ದು ಅಡಗುವ ಮೊದಲೇ ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಎದ್ದಳು: "ನಾನೂ ಇಟ್ಕೊಂಡಿದ್ದೆ." ಅವಳ ಪಕ್ಕದ ಮುದುಕ, "ನಮ್ಮನೇದು ಎರಡು ಹಸು. ನಾನೂ ಯಜಮಾನನೇ" ಎಂದ. ಊಲ್ಕಾನಳನ್ನು ನೋಡಿ ಮೀಸೆಯಲ್ಲಿ ನಕ್ಕವನೂ ಟೋಪಿ ತೆಗೆದು ಎದ್ದು ನಿಂತ. ಬೆಂಚುಗಳು ಕಿರುಗುಟ್ಟುತ್ತಲೇ ಇದ್ದವು. ನಮ್ಮೂರವರಲ್ಲಿ ಕೂತೇ ಉಳಿದದ್ದು ತುರ್ದುಬೆಕ್ ಒಬ್ಬ, ಮತ್ತು ಏಳಲಾಗದ ಕಿದಿರಾಲಿ. ಅವನು ತಲೆ ತಗ್ಗಿಸಿ ತನ್ನ ಊರುಗೋಲನ್ನೇ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಇಷ್ಟು ಜನ ಯಜಮಾನರನ್ನ ನಾನು ಬರೆಯೋದು ಹೇಗೆ?" ಎಂದರು ನ್ಯಾಯಾಧೀಶರು. ಬೈದ ಹಾಗಿರಲಿಲ್ಲ ದನಿ.

ಆಗ ಎಲ್ಜಾದಾ ಎದ್ದಳು. ಬರೆಯುವ ಅಗತ್ಯವಿಲ್ಲ, ಇವರೆಲ್ಲ ಸೇರಿದರೆ ಯಾವುದಾಗುತ್ತದೋ ಅದಕ್ಕೆ ಆಗಲೇ ಹೆಸರಿದೆ, ಅದೇ ಹುಲ್ಲುಗಾವಲು ಸಮಿತಿ ಎಂದಳು. ಕಂದಾಯ ತೆಗೆದುಕೊಂಡದ್ದು ಅದು, ಬೆಟ್ಟ ತೋರಿಸಿದ್ದು ಅದು, ಆ ದಾರಿಯಲ್ಲಿ ನಡೆದು ಕಾಯಿಲೆ ಬಿದ್ದವನು ಈತ. ತೀರ್ಪು ಬರಲು ಇನ್ನೆರಡು ಸಲ ಓಡಾಡಬೇಕಾಯಿತು, ವೈದ್ಯರ ಮಂಡಳಿಯ ಮುಂದೂ ಹೋಗಬೇಕಾಯಿತು. ಬಂದಾಗ ಅವಳ ಮಾತಿನಂತೆಯೇ ಬಂತು. ಸಮಿತಿಯೇ ಯಜಮಾನ, ಕೆಲಸದವನಿಗಾಗಿ ಕಟ್ಟದೆ ಬಿಟ್ಟ ವಿಮೆಯ ಕಂತನ್ನು ಅದು ನಿಧಾನವಾಗಿ ಕಟ್ಟಬೇಕು, ಕಚೇರಿ ಕಿದಿರಾಲಿಗೆ ತಿಂಗಳು ತಿಂಗಳು ಪರಿಹಾರ ಕೊಡಬೇಕು.

ಅಂದು ವಾಪಸು ಬರುವಾಗ ತುರ್ದುಬೆಕ್ ವ್ಯಾನಿನ ಹಿಂದಿನ ಮೂಲೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ.

"ಯಜಮಾನ್ರೇ" ಎಂದು ಕಿದಿರಾಲಿ ಮುಂದಿನಿಂದ ಕೂಗಿದ, "ಅಲ್ಲಿ ಗಾಳಿ ಹೊಡೀತೈತೆ. ಮುಂದೆ ಬನ್ನಿ. ನೀವೂ ಹಾಸಿಗೆ ಹಿಡಿದ್ರೆ ನನಗೆ ಮತ್ತೆ ಯಜಮಾನ ಇಲ್ದಂಗಾಗ್ತದೆ."

ತುರ್ದುಬೆಕ್ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಎಲ್ಲರಿಗಿಂತ ಕೊನೆಗೆ ನಕ್ಕವನೂ ಅವನೇ, ಕೊನೆಯವರೆಗೂ ನಕ್ಕವನೂ ಅವನೇ.

ದನದ ಡಾಕ್ಟರರ ಜೀಪು ಮತ್ತೆ ಬಂದಾಗ ಉಮ್ಸುನಾಯ್ ತನ್ನ ಹಸುವನ್ನು ಹಗ್ಗ ಹಿಡಿದು ತಾನೇ ಕರೆತಂದಳು. ರಕ್ತದಲ್ಲಿ ರೋಗವಿತ್ತು. ಒಯ್ಯುವ ದಿನ ಹಸುವಿನ ಹಣೆಗೆ ಹಣೆ ಹಚ್ಚಿ ನಿಂತಳು, ಆಮೇಲೆ ಹಗ್ಗ ಬಿಟ್ಟು ಒಳಗೆ ಹೋದಳು. ಪರಿಹಾರ ಹೇಳಿದ ಹೊತ್ತಿಗೆ ಬರಲಿಲ್ಲ. ಊರಲ್ಲಿ 'ನಾವು ಹೇಳಿರ್ಲಿಲ್ವಾ' ಎಂಬ ಗೊಣಗು ಶುರುವಾಯಿತು. ಎಲ್ಜಾದಾ ಎರಡು ಸಲ ಪತ್ರ ಬರೆದಳು, ಮೂರನೆಯ ಸಲ ತಾನೇ ಹೋಗಿ ಕಚೇರಿಯಲ್ಲಿ ಬೀಜ ಬಿಡಿಸುತ್ತ ಕೂತಳಂತೆ. ಹಿಮ ಕರಗುವ ಮುಂಚೆ ದುಡ್ಡು ಬಂತು. ಕಳಕೊಂಡ ಹಸುವಿನಂಥ ಹಸು ಅದರಲ್ಲಿ ಬರುವ ಹಾಗಿರಲಿಲ್ಲ, ಆದರೆ ಒಂದು ಒಳ್ಳೆಯ ಕಡಸು ಬಂತು. ಉಮ್ಸುನಾಯ್ ಆ ಕಡಸನ್ನು ಬೀದಿಯ ತುದಿಯಿಂದ ತುದಿಗೆ, ಬೇಕೆಂದೇ, ಎರಡು ಸಲ ನಡೆಸಿಕೊಂಡು ಹೋದಳು. ಮುಂದಿನ ಪರೀಕ್ಷೆಗೆ ಕಮರಿಯಲ್ಲಿ ಅಡಗಿದ ಹಸುಗಳು ಬೆರಳೆಣಿಕೆಯಷ್ಟು ಮಾತ್ರ. ಉಳಿದ ಕರುಗಳಿಗೆ ಲಸಿಕೆಯೂ ಬಿತ್ತು.

ಐಸಾಲ್ಕಿನ್ ಮಾತ್ರೆಗಳನ್ನು ನಡುವೆ ಬಿಡದೆ ಮುಗಿಸಿದಳು. ಈಗ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಹಾಲು ಉಕ್ಕಿ ಬರುವವರೆಗೂ ಒಲೆಯ ಮುಂದಿನಿಂದ ಕದಲುವುದಿಲ್ಲ. ಊಲ್ಕಾನ್ ಸಮಿತಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ದನ ಕಾಯುತ್ತಿದ್ದಾಳೆ. ಉದ್ದ ತೋಳಿನ ರಬ್ಬರು ಕೈಗವಸು, ಏಪ್ರನ್ನು ಎಲ್ಲ ಸಮಿತಿಯದ್ದೇ. ಮೊದಲ ಸಂಬಳದ ದಿನ ತುರ್ದುಬೆಕ್‌ನ ಎದುರಿಗೇ ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

ಕಿದಿರಾಲಿಗೆ ಜ್ವರ ಬಿಟ್ಟಿತು. ಸೊಂಟ ಮಾತ್ರ ವೈದ್ಯರು ಹೇಳಿದಂತೆ ಬಿಗಿಯಾಗಿಯೇ ಉಳಿದಿದೆ, ಕುದುರೆ ಹತ್ತಲಾಗುವುದಿಲ್ಲ. ಮನೆಯಲ್ಲಿ ಕೂತು ಕೂತು ಬೇಜಾರೆಂದು ಸಂತೆಯ ದಿನ ನನ್ನ ವ್ಯಾನು ಹತ್ತುತ್ತಾನೆ. ಅವನ ವಿಷಯ ಆಚೆ ಕಣಿವೆಗಳಿಗೂ ಹಬ್ಬಿದೆ. ಊರೂರಿನಲ್ಲಿ ದನ ಕಾಯುವವರು ತಮ್ಮ ಕಾಯಿಲೆಯ, ಪರಿಹಾರದ ವಿಷಯ ಕೇಳಲು ರಸ್ತೆಯಂಚಿಗೆ ಬಂದು ಕಾದಿರುತ್ತಾರೆ. ಕಳೆದ ವಾರ ತೆರೆಕ್ ಸೇತುವೆಯ ಹತ್ತಿರ ಕುರಿಯ ತುಪ್ಪಳದ ಟೋಪಿಯ ಹಿರಿಯನೊಬ್ಬ ನಿಂತಿದ್ದ. ಹತ್ತಿರ ಬರಲೂ ಒಲ್ಲ, ದೂರ ಹೋಗಲೂ ಒಲ್ಲ.

"ಬಾಯಿ ಬಿಟ್ರೆ ನಾಳೆ ನನ್ನ ಬಿಡಿಸಿ ಇನ್ನೊಬ್ಬನ್ನ ಇಟ್ಕೋತಾರೆ ಮಾರಾಯ" ಎಂದ.

"ಇನ್ನೊಬ್ಬನಾ? ಎಲ್ಲಿಂದ ತರ್ತಾರೆ? ಈ ಚಳೀಲಿ ಈ ದನಗಳ ಹಿಂದೆ ಓಡೋಕೆ ನಮ್ಮಂಥ ಹುಚ್ಚರು ಇನ್ನೆಷ್ಟು ಉಳಿದವರೆ? ಎಲ್ಲಿ, ಕೈ ತೋರ್ಸು."

ಹಿರಿಯ ಅನುಮಾನಿಸುತ್ತ ಕೈಯನ್ನು ಕಿಟಕಿಯೊಳಗೆ ಚಾಚಿದ. ಕಿದಿರಾಲಿ ಆ ಊದಿದ ಮಣಿಕಟ್ಟನ್ನು ಮೆಲ್ಲಗೆ ಒತ್ತಿ ನೋಡಿದ. ಹಿರಿಯ ಹಲ್ಲು ಕಚ್ಚಿದ.

"ಗಾಡಿ ಹತ್ತು. ಮೊದ್ಲು ಪರೀಕ್ಷೆಗೆ ರಕ್ತ ಕೊಡು. ಯಜಮಾನನ್ನ ಆಮೇಲೆ ಹುಡುಕೋಣ."

ನಾನು ಹಿಂದಿನ ಸೀಟಿನ ಮೇಲಿದ್ದ ಆಲೂಗಡ್ಡೆ ಚೀಲವನ್ನು ಕೆಳಗಿಳಿಸಿ ಅವನಿಗೆ ಜಾಗ ಮಾಡಿದೆ.